ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮನೆಯಲ್ಲೇ ಆಫ್‌ರೋಡ್‌ಗೆ ಸಜ್ಜು ಮಾಡುವುದು: ಯಾವುದು ಮೊದಲು, ಯಾವುದು ಆಮೇಲೆ

ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೈಗೆ ಬಂದ ಕೂಡಲೇ ಮನಸ್ಸು ಒಂದೇ ಕಡೆ ಓಡುತ್ತದೆ. ಎತ್ತರಿಸಬೇಕು, ದೊಡ್ಡ ಟೈರ್ ಹಾಕಬೇಕು, ಮುಂದೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕೂರಿಸಬೇಕು. ಈ ಆಸೆಯಲ್ಲಿ ತಪ್ಪೇನಿಲ್ಲ, ತಪ್ಪುವುದು ಕ್ರಮ. ದಶಕಗಳ ಕಾಲ ದುಡಿದ ಗಾಡಿಯಲ್ಲಿ ಸವೆದ ಬುಷ್, ಸಡಿಲ ಸ್ಟೇರಿಂಗ್, ಬಿರುಕು ಬಿಟ್ಟ ಬ್ರೇಕ್ ಹೋಸ್ ಇದ್ದೇ ಇರುತ್ತವೆ. ಅದರ ಮೇಲೆ ಎತ್ತರ ಮತ್ತು ತೂಕ ಹೇರಿದರೆ ಅಡಗಿದ್ದ ದೋಷವೆಲ್ಲ ಹೊರಬೀಳುತ್ತದೆ, ಅದೂ ಗ್ಯಾರೇಜು ಇಲ್ಲದ ಜಾಗದಲ್ಲಿ.

ಇನ್ನೊಂದು ಮಾತು. ಈ ಗಾಡಿಗಳಲ್ಲಿ ಒಂದನ್ನು ಬದಲಿಸಿದರೆ ಅದರ ಹಿಂದೆಯೇ ಇನ್ನೆರಡು ಕೆಲಸ ಬರುತ್ತವೆ. ಸ್ಪ್ರಿಂಗ್ ಎತ್ತರಿಸಿದರೆ ಬ್ರೇಕ್ ಹೋಸ್ ಸಾಲುವುದಿಲ್ಲ. ಟೈರ್ ದೊಡ್ಡದಾದರೆ ಗೇರು ಭಾರವಾಗುತ್ತದೆ. ಈ ಸರಪಳಿ ಗೊತ್ತಿದ್ದವರು ಕಡಿಮೆ ಬದಲಿಸಿ ಜಾಸ್ತಿ ದೂರ ಹೋಗುತ್ತಾರೆ. ಕೆಳಗಿನ ಕ್ರಮವನ್ನು ಅದೇ ಲೆಕ್ಕದಲ್ಲಿ ಇಟ್ಟಿದ್ದೇನೆ.

ನಿಮ್ಮ ಗಾಡಿ ಯಾವ ಬಗೆಯದು?

1941ರ ವಿಲ್ಲಿಸ್ ಜೀಪ್, 1948ರ ಲ್ಯಾಂಡ್ ರೋವರ್, 1960ರ ಟೊಯೋಟಾ ಲ್ಯಾಂಡ್ ಕ್ರೂಸರ್ 40, 1970ರ ಸುಜುಕಿ ಎಲ್‌ಜೆ 10. ಇವೆಲ್ಲ ಹೆಚ್ಚುಕಡಿಮೆ ಒಂದೇ ಕಟ್ಟಿನವು. ಏಣಿಯಂಥ ಚಾಸಿ, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅದಕ್ಕೆ ಲೀಫ್ ಸ್ಪ್ರಿಂಗ್ ಪಟ್ಟಿ. 1970ರಲ್ಲಿ ಬಂದ ರೇಂಜ್ ರೋವರ್ ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಮತ್ತು ಸದಾ ಚಾಲೂ ಇರುವ ಫೋರ್ ವೀಲ್ ಡ್ರೈವ್ ತಂದಿತು. ಆಮೇಲಿನ ಹಲವು ಗಾಡಿಗಳಲ್ಲಿ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿ ಇಳಿಯುತ್ತವೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಲೀಫ್ ಸ್ಪ್ರಿಂಗ್ ಗಾಡಿಯೇ ಸಲೀಸು. ಹಾಗಾಗಿ ಸಸ್ಪೆನ್ಷನ್ ಭಾಗವನ್ನು ಅದನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಉಳಿದದ್ದು ಎಲ್ಲ ಗಾಡಿಗೂ ಹೊಂದುತ್ತದೆ.

ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವಂಥವು. ಅವುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಆ ಬಿಗಿತವೆಲ್ಲ ಶಾಫ್ಟ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಟೈರ್ ದೊಡ್ಡದಾದಷ್ಟೂ ಈ ಒತ್ತಡ ಹೆಚ್ಚು. ಮಾಡಿಫೈ ಮಾಡಿದ ಮೇಲಂತೂ ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಲೇಬೇಡಿ.

ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮಲ್ಲಿನ ಸಾರಿಗೆ ನಿಯಮ ಮತ್ತು ವಿಮೆಯ ಷರತ್ತು ಓದಿಕೊಳ್ಳಿ. ಎತ್ತರ, ಟೈರ್ ಅಗಲ, ಬಂಪರ್, ಹೆಚ್ಚುವರಿ ದೀಪ ಇವುಗಳಿಗೆ ಒಂದೊಂದು ಕಡೆ ಒಂದೊಂದು ಮಿತಿ ಇದೆ. ಮಾಡಿದ ಮೇಲೆ ಬಿಚ್ಚುವುದಕ್ಕಿಂತ ಮೊದಲೇ ಕೇಳುವುದು ಸುಲಭ.

ಗಾಡಿಯ ಕೆಳಗೆ ಮಲಗುವ ಮುನ್ನ

ಜಾಕ್ ಇರುವುದು ಗಾಡಿ ಎತ್ತಲು ಮಾತ್ರ. ಎತ್ತಿದ್ದನ್ನು ಹಿಡಿದಿಡುವ ಕೆಲಸ ಆಕ್ಸಲ್ ಸ್ಟ್ಯಾಂಡಿನದು. ಗಟ್ಟಿ ಸಮತಟ್ಟು ನೆಲ, ಗಾಡಿಯ ತೂಕಕ್ಕೆ ತಕ್ಕ ಸ್ಟ್ಯಾಂಡ್, ನೆಲದಲ್ಲೇ ಇರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ. ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಗಾಡಿಯನ್ನು ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಹ್ಯಾಂಡ್ ಬ್ರೇಕ್ ನಂಬುವ ಮೊದಲು ಅದು ಎಲ್ಲಿ ಕೆಲಸ ಮಾಡುತ್ತದೆ ನೋಡಿಕೊಳ್ಳಿ. ಹಲವು ಹಳೆಯ ಗಾಡಿಗಳಲ್ಲಿ ಅದು ಹಿಂದಿನ ಚಕ್ರ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಹಿಂದಿರುವ ಡ್ರಮ್ಮನ್ನು ಹಿಡಿಯುತ್ತದೆ. ಅಂದರೆ ಬ್ರೇಕ್ ಇರುವುದು ಅಲ್ಲಿಂದ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ. ನೀವು ಒಂದು ಹಿಂದಿನ ಚಕ್ರ ಎತ್ತಿದ ಕೂಡಲೇ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತದೆ. ಶಾಫ್ಟ್ ನಿಂತಿದ್ದರೂ ಗಾಳಿಯಲ್ಲಿರುವ ಚಕ್ರ ಒಂದು ದಿಕ್ಕಿಗೆ, ನೆಲದ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಬಹುದು. ಗಾಡಿ ಸುಮ್ನೆ ಉರುಳಿ ಸ್ಟ್ಯಾಂಡಿನಿಂದ ಇಳಿದುಬಿಡುತ್ತದೆ. ಚಕ್ರಕ್ಕೆ ಕೊಟ್ಟ ಅಡೆಯೇ ಇಲ್ಲಿ ನಿಮ್ಮ ಬ್ರೇಕ್.

ಮೊದಲ ಹಂತ: ಇದ್ದದ್ದನ್ನು ಸರಿಮಾಡಿ

ಇದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ಆದರೂ ಹಣದ ಮೊದಲ ಪಾಲು ಇಲ್ಲಿಗೇ ಹೋಗಬೇಕು.

ಚಾಸಿಯಿಂದ ಶುರುಮಾಡಿ. ಮಣ್ಣೆಲ್ಲ ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದ ಕಡೆ ಸದ್ದು ಮಂದವಾಗುತ್ತದೆ, ಕೆಲವೊಮ್ಮೆ ಪದರ ಉದುರುತ್ತದೆ. ಸ್ಪ್ರಿಂಗಿನ ತುದಿ ಚಾಸಿಗೆ ಸೇರುವ ಹ್ಯಾಂಗರ್ ಇರುವ ಕಡೆ, ಹಿಂದಿನ ಚಕ್ರದ ಮೇಲ್ಭಾಗ ಮತ್ತು ಸ್ಟೇರಿಂಗ್ ಬಾಕ್ಸ್ ಕೂರುವ ಜಾಗವನ್ನು ವಿಶೇಷವಾಗಿ ನೋಡಿ. ಸ್ಟೇರಿಂಗ್ ಬಾಕ್ಸಿನ ಬೋಲ್ಟ್ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ದೊಡ್ಡ ಟೈರಿನ ಯೋಚನೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬಲಪಡಿಸಿ.

ಆಮೇಲೆ ಮುಂದಿನ ಚಕ್ರ ಎತ್ತಿ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಲೊಟಲೊಟ ಎಂದರೆ ವೀಲ್ ಬೇರಿಂಗ್ ಸಡಿಲವಾಗಿದೆ ಅಥವಾ ಕಿಂಗ್ ಪಿನ್ (ಮುಂದಿನ ಚಕ್ರ ಎಡ ಬಲಕ್ಕೆ ಹೊರಳುವ ಗೂಟ) ಸವೆದಿದೆ. ಯಾವುದು ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್. ಎಡ ಬಲಕ್ಕೆ ಹಿಡಿದು ಅಲುಗಾಡಿಸಿದಾಗ ಆಟವಿದ್ದರೆ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿ ಹೋಗಿದೆ. ಸ್ಟೇರಿಂಗ್ ನಡುಗುವ ಗಾಡಿಗೆ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಸುಮ್ಮನಾಗುವವರು ತುಂಬಾ ಜನ. ಅದರಿಂದ ನಡುಕ ಕಾಣದಂತಾಗುತ್ತದೆ, ಸವೆತ ಮುಂದುವರಿಯುತ್ತದೆ.

ಎಣ್ಣೆ ಬದಲಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಯಾವುದೇ ಇರಲಿ, ಎಣ್ಣೆ ತುಂಬುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವ ಪ್ಲಗ್ ಆಮೇಲೆ. ತುಂಬುವ ಪ್ಲಗ್ ತುಕ್ಕು ಹಿಡಿದು ಕೂತಿದ್ದರೆ, ಎಣ್ಣೆಯೆಲ್ಲ ಇಳಿಸಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ, ಅಲ್ವಾ? ಇಳಿದ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಸಹಜ. ಕಬ್ಬಿಣದ ಚೂರು ಸಿಕ್ಕರೆ ಬಿಚ್ಚಿ ನೋಡಲೇಬೇಕು. ಮುಂದಿನ ಆಕ್ಸಲ್ ತುದಿಯ ಗುಂಡಗಿನ ಭಾಗದಲ್ಲಿ ಗ್ರೀಸ್ ಇರಬೇಕಾದ ಕಡೆ ತೆಳ್ಳನೆ ಎಣ್ಣೆ ಸೋರುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ.

ಬ್ರೇಕ್ ಹೋಸ್, ರೇಡಿಯೇಟರ್, ಫ್ಯಾನಿನ ಸುತ್ತಲಿನ ಕವಚ ಇವನ್ನೂ ನೋಡಿ. ಆಫ್‌ರೋಡಿನಲ್ಲಿ ಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತದೆ, ಎಂಜಿನ್ ಮಾತ್ರ ಪೂರ್ತಿ ದುಡಿಯುತ್ತದೆ. ಎದುರಿನಿಂದ ಗಾಳಿ ಬರುವುದಿಲ್ಲ. ಆಗ ಫ್ಯಾನ್ ಎಳೆದ ಗಾಳಿಯೆಲ್ಲ ರೇಡಿಯೇಟರ್ ಮೂಲಕವೇ ಬರುವಂತೆ ಮಾಡುವುದು ಆ ಕವಚ. ಹಳೆಯ ಗಾಡಿಗಳಲ್ಲಿ ಯಾರೋ ಯಾವಾಗಲೋ ಅದನ್ನು ಬಿಚ್ಚಿ ಎಸೆದಿರುತ್ತಾರೆ.

ಎರಡನೇ ಹಂತ: ಟೈರ್

ಒಂದೇ ಒಂದು ಬದಲಾವಣೆಗೆ ಹಣ ಇದ್ದರೆ ಟೈರಿಗೆ ಹಾಕಿ. ನೆಲ ಮುಟ್ಟುವ ಭಾಗ ಅದೊಂದೇ. ರಸ್ತೆ ಮತ್ತು ಮಣ್ಣು ಎರಡೂ ಓಡಿಸುವವರಿಗೆ ಆಲ್ ಟೆರೇನ್ ಸಾಕು. ಮಡ್ ಟೆರೇನ್ ಟೈರಿನ ದಪ್ಪ ಕಟ್ಟುಗಳು ಕೆಸರನ್ನು ಹೊರಗೆಸೆಯುತ್ತವೆ ನಿಜ, ಆದರೆ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಸದ್ದು ಜಾಸ್ತಿ. ವಾರವೆಲ್ಲ ರಸ್ತೆಯಲ್ಲೇ ಓಡುವ ಗಾಡಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಗಾತ್ರದ ಲೆಕ್ಕ ನೀವೇ ಹಾಕಬಹುದು. 235/75 ಆರ್ 15 ಎಂದರೆ ಅಗಲ 235 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇ. 75, ಅಂದರೆ ಸುಮಾರು 176. ರಿಮ್ 15 ಇಂಚು, ಅಂದರೆ 381. ಒಟ್ಟು ವ್ಯಾಸ ಸುಮಾರು 733 ಮಿಲಿಮೀಟರ್. ಇದರ ಬದಲು 31 ಇಂಚಿನ ಟೈರ್ ಹಾಕಿದರೆ ವ್ಯಾಸ 787. ಐವತ್ತಕ್ಕಿಂತ ಹೆಚ್ಚು ಮಿಲಿಮೀಟರ್ ವ್ಯತ್ಯಾಸ ಕಂಡರೂ ಡಿಫರೆನ್ಷಿಯಲ್ ಕೆಳಗೆ ಸಿಗುವುದು ಅದರ ಅರ್ಧ, ಸುಮಾರು 27. ಸ್ಪೀಡೋಮೀಟರ್ ಸುಮಾರು ಶೇ. 7 ಕಡಿಮೆ ತೋರಿಸುತ್ತದೆ: ಮುಳ್ಳು 60ರಲ್ಲಿದ್ದಾಗ ಗಾಡಿ 64ರಲ್ಲಿ ಹೋಗುತ್ತಿರುತ್ತದೆ. ಗೇರುಗಳೂ ಅಷ್ಟೇ ಭಾರವಾಗುತ್ತವೆ, ಬ್ರೇಕಿಗೂ ಹೆಚ್ಚು ಶ್ರಮ.

ಹಾಗಿದ್ದರೂ ಆ 27 ಮಿಲಿಮೀಟರಿಗೆ ಬೆಲೆಯಿದೆ. ಲೀಫ್ ಸ್ಪ್ರಿಂಗ್ ಗಾಡಿಯನ್ನು ಎಷ್ಟೇ ಎತ್ತರಿಸಿದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ಲನ್ನು ಕಲ್ಲಿನಿಂದ ಮೇಲೆತ್ತುವುದು ಟೈರ್ ಮಾತ್ರ.

ಗಾತ್ರಕ್ಕಿಂತ ದೊಡ್ಡ ಉಪಾಯ ಗಾಳಿ ಇಳಿಸುವುದು. ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಓಡುವ ಹಗುರ ಗಾಡಿಯನ್ನು ಕಲ್ಲು ಮಣ್ಣಿನ ದಾರಿಯಲ್ಲಿ 22ರಿಂದ 25ಕ್ಕೆ, ಸಡಿಲ ಮರಳಿನಲ್ಲಿ 15ರಿಂದ 18ಕ್ಕೆ ಇಳಿಸಿ. ಟೈರ್ ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಪ್ಪಟೆಯಾಗುತ್ತದೆ, ನೆಲವನ್ನು ಹೆಚ್ಚು ಅಪ್ಪಿಕೊಳ್ಳುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚುವ ಭಯವಿದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು, ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಕಡಿಮೆ ಗಾಳಿಯ ಟೈರ್ ಡಾಂಬರಿನಲ್ಲಿ ಬಿಸಿಯಾಗಿ ಸಿಡಿಯಬಹುದು. ಒಂದು ಒಳ್ಳೆಯ ಗೇಜ್, ಒಂದು 12 ವೋಲ್ಟ್ ಕಂಪ್ರೆಸರ್, ಇವೆರಡೂ ಯಾವ ಲಿಫ್ಟ್ ಕಿಟ್ಟಿಗೂ ಕಡಿಮೆಯಲ್ಲ.

ಮೂರನೇ ಹಂತ: ಹೂತರೆ ಎಳೆಯಲು ಜಾಗ

ಆಫ್‌ರೋಡ್ ಹೋದರೆ ಗಾಡಿ ಹೂತೇ ಹೂಳುತ್ತದೆ. ಎಳೆಯುವಾಗ ಹಗ್ಗ ಎಲ್ಲಿಗೆ ಕಟ್ಟುತ್ತೀರಿ ಅನ್ನುವುದು ಜೀವದ ಪ್ರಶ್ನೆ. ಸಾಗಣೆಯ ಸಮಯದಲ್ಲಿ ಗಾಡಿಯನ್ನು ಬಿಗಿದು ಕಟ್ಟಲು ಕೊಟ್ಟ ತೆಳ್ಳನೆ ಕಣ್ಣುಗಳು ಎಳೆಯಲು ಅಲ್ಲ. ಟ್ರೇಲರ್ ಸಿಕ್ಕಿಸುವ ಲೋಹದ ಗುಂಡಿಗೆ (ಟೋ ಬಾಲ್) ಎಂದೂ ಹಗ್ಗ ಹಾಕಬೇಡಿ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಹಾಗೆ ಹಾರಿ ಜನ ಸತ್ತಿದ್ದಾರೆ.

ಚಾಸಿಯ ಎರಡೂ ತೊಲೆಗಳಿಗೆ ಒಂದೊಂದು, ಎಷ್ಟು ಭಾರ ತಾಳುತ್ತದೆ ಎಂದು ನಮೂದಿಸಿದ ಕೊಕ್ಕೆ ಹಾಕಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೊರೆದಿರುತ್ತದೆ. ಏನೂ ಬರೆಯದ ಬೋಲ್ಟ್ ಇಲ್ಲಿಗೆ ಬೇಡ. ಚಾಸಿ ಟೊಳ್ಳಾಗಿದ್ದರೆ ಬೋಲ್ಟ್ ಹಾಯುವ ಕಡೆ ಒಳಗೆ ಕೊಳವೆ ತುಂಡು (ಸ್ಲೀವ್) ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಬಿಗಿಯುವಾಗ ಗೋಡೆ ಒಳಕ್ಕೆ ಕುಸಿಯುತ್ತದೆ. ಹಗ್ಗವನ್ನು ಕೊಕ್ಕೆಗೆ ಸೇರಿಸುವ ಲೋಹದ ಕೊಂಡಿ, ಅಂದರೆ ಶ್ಯಾಕಲ್, ಅದರ ಮೇಲೂ ಮಿತಿ ಅಚ್ಚಾಗಿರಬೇಕು. ಸಾಮಾನ್ಯವಾಗಿ ಬಳಸುವ 19 ಮಿಲಿಮೀಟರ್ ಬಿಲ್ಲು ಶ್ಯಾಕಲ್‌ಗೆ 4.75 ಟನ್ ಎಂದಿರುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ ಹೊದಿಸಿ, ನೋಡುವವರನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿ.

ನಾಲ್ಕನೇ ಹಂತ: ಬ್ರೀದರ್

ಇದು ಅತಿ ಅಗ್ಗದ ಕೆಲಸ. ಒಂದು ಮಧ್ಯಾಹ್ನ ಸಾಕು, ಆಕ್ಸಲ್ಲನ್ನೇ ಉಳಿಸುತ್ತದೆ.

ಪ್ರತಿ ಆಕ್ಸಲ್ ಮೇಲೆ ಒಂದು ಸಣ್ಣ ಉಸಿರು ತೂತು ಇರುತ್ತದೆ. ಓಡಿ ಓಡಿ ಡಿಫರೆನ್ಷಿಯಲ್ ಬಿಸಿಯಾದಾಗ ಒಳಗಿನ ಗಾಳಿ ಅಲ್ಲಿಂದ ಹೊರಬರುತ್ತದೆ. ಹಾಗೆ ಬಿಸಿಯಾದ ಆಕ್ಸಲ್ ತಣ್ಣನೆ ಹೊಳೆಗೆ ಇಳಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಗಾಳಿ ಒಳಗೆ ಬರಬೇಕಾದ ತೂತು ನೀರಿನಲ್ಲಿ ಮುಳುಗಿದೆ ಅಥವಾ ಮಣ್ಣು ಮೆತ್ತಿ ಮುಚ್ಚಿದೆ. ಆಗ ಆಕ್ಸಲ್ ತೂತಿನಿಂದಲೋ ಸೀಲುಗಳ ಅಂಚಿನಿಂದಲೋ ನೀರನ್ನೇ ಎಳೆದುಕೊಳ್ಳುತ್ತದೆ. ಹಾಲು ಬಣ್ಣದ ಎಣ್ಣೆ ಬರುವುದು ಹೀಗೆ.

ಹಳೆಯ ಬ್ರೀದರ್ ಬಿಚ್ಚಿ, ಅದೇ ಥ್ರೆಡ್ಡಿನ (ತಿರುಪಿನ ಸುತ್ತಿನ) ಹೋಸ್ ನಿಪ್ಪಲ್ ಹಾಕಿ. ಎಣ್ಣೆ ತಾಳುವ ರಬ್ಬರ್ ಹೋಸ್ ಸಿಕ್ಕಿಸಿ ಮುಂದಿನದನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ, ಹಿಂದಿನದನ್ನು ಇಂಧನ ತುಂಬುವ ಬಾಯಿಯಷ್ಟು ಎತ್ತರಕ್ಕೆ ತನ್ನಿ. ತುದಿಗೆ ಸಣ್ಣ ಫಿಲ್ಟರ್ ಹಾಕಿ. ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಹೋಸ್ ಎಳೆಯದಷ್ಟು ಸಡಿಲ ಬಿಡಿ, ಎಗ್ಸಾಸ್ಟಿನಿಂದ ದೂರವಿಡಿ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿಗೂ ಇದೇ ಕೆಲಸ.

ಐದನೇ ಹಂತ: ಎತ್ತರಿಸುವುದು

ಲೀಫ್ ಸ್ಪ್ರಿಂಗ್ ಗಾಡಿ ಎತ್ತರಿಸಲು ಮೂರು ದಾರಿ. ಉದ್ದದ ಶ್ಯಾಕಲ್ (ಇಲ್ಲಿ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕುವುದು, ಹೊಸ ಸ್ಪ್ರಿಂಗ್ ಹಾಕುವುದು, ಆಕ್ಸಲ್ಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತರುವುದು. ಮೂರನೆಯದರಲ್ಲಿ ಗಾಡಿ ತುಂಬಾ ಎತ್ತರವಾಗುತ್ತದೆ. ಸ್ಟೇರಿಂಗ್ ಕೊಂಡಿ, ಶಾಫ್ಟ್, ಎಳೆತಕ್ಕೆ ಸ್ಪ್ರಿಂಗ್ ತಿರುಚಿಕೊಳ್ಳುವುದು ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು. ಮೊದಲ ಬಾರಿ ಕೈಹಾಕುವವರಿಗೆ ಅದು ಬೇಡ.

ಉದ್ದದ ಶ್ಯಾಕಲ್ ಅಗ್ಗ. ಆದರೆ 50 ಮಿಲಿಮೀಟರ್ ಉದ್ದ ಮಾಡಿದರೆ ಗಾಡಿ ಏರುವುದು 25 ಮಾತ್ರ, ಯಾಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಇಳಿಯುತ್ತದೆ, ಆಕ್ಸಲ್ ನಡುವೆ ಇದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಮುಂಬದಿಯಲ್ಲಿದ್ದರೆ, ಅದು ಉದ್ದವಾದಾಗ ಇಡೀ ಆಕ್ಸಲ್ ಮುಂದಕ್ಕೆ ಬಾಗುತ್ತದೆ. ಕಿಂಗ್ ಪಿನ್ನಿನ ಹಿಂದಕ್ಕೆ ವಾಲಿದ ಕೋನ, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಸ್ಟೇರಿಂಗ್ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದು ಆ ಕೋನದಿಂದಲೇ. ಅದು ಹೋದರೆ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಇಳಿಜಾರು ಬೆಣೆ ಹಾಕಿ ಕ್ಯಾಸ್ಟರ್ ಮರಳಿ ತರಬಹುದು. ಆದರೆ ಅದೇ ಬೆಣೆ ಡಿಫರೆನ್ಷಿಯಲ್ಲಿನ ಮೂತಿಯನ್ನು ಕೆಳಕ್ಕೆ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಇನ್ನೂ ಕಡಿದಾಗಿ ಮಡಚುವಂತೆ ಮಾಡುತ್ತದೆ. ಒಂದು ಸರಿಮಾಡಲು ಹೋಗಿ ಇನ್ನೊಂದು ಕೆಡುವುದು ಹೀಗೆಯೇ.

ಅದಕ್ಕೇ ನಾನು ಹೇಳುವುದು ಸುಮಾರು 50 ಮಿಲಿಮೀಟರ್ ಎತ್ತರದ ಹೊಸ ಸ್ಪ್ರಿಂಗ್ ಸೆಟ್, ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಕೊಳ್ಳುವಾಗ ಗಾಡಿಯ ನಿಜವಾದ ತೂಕ ಹೇಳಿ. ವಿಂಚ್ ಇಲ್ಲದ ಗಾಡಿಗೆ ವಿಂಚ್ ಲೆಕ್ಕದ ಗಟ್ಟಿ ಪಟ್ಟಿ ಹಾಕಿದರೆ ಅದು ಬಾಗುವುದೇ ಇಲ್ಲ, ಚಕ್ರ ಗುಂಡಿಗೆ ಇಳಿಯುವ ಬದಲು ಗಾಳಿಯಲ್ಲಿ ತೇಲುತ್ತದೆ.

ಕೆಲಸದ ರೀತಿ ಹೀಗೆ. ಹಿಂದಿನ ದಿನವೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಒಂದು ತುದಿಯ ಆಕ್ಸಲ್ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಿ. ಚಾಸಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಚಕ್ರ ಬಿಚ್ಚಿ, ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಅದರ ತೂಕ ಹಿಡಿಯಿರಿ. ಶಾಕ್ ಅಬ್ಸಾರ್ಬರ್ ಬಿಚ್ಚಿ. ಬ್ರೇಕ್ ಹೋಸ್ ಮೇಲೆ ಒಂದು ಕಣ್ಣಿರಲಿ, ಆಕ್ಸಲ್ ಅದರ ಮೇಲೆ ಜೋತುಬೀಳಬಾರದು. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟ್ ಬಿಚ್ಚಿ, ಜಾಕ್ ನಿಧಾನ ಇಳಿಸಿ, ಸ್ಪ್ರಿಂಗ್ ಸಡಿಲವಾದ ಮೇಲೆ ಶ್ಯಾಕಲ್ ಪಿನ್ ಮತ್ತು ಇನ್ನೊಂದು ತುದಿಯ ಪಿನ್ ಹೊಡೆದು ತೆಗೆಯಿರಿ. ಹಳೆಯ ಪಿನ್ ಹೊರಗೆ ಬರಲು ಹಟ ಮಾಡುತ್ತದೆ. ಬಿಸಿ ಮಾಡುವುದಾದರೆ ಮೊದಲು ಬ್ರೇಕ್ ಮತ್ತು ಇಂಧನದ ಕೊಳವೆಗಳು ಎಲ್ಲಿವೆ ನೋಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಹೊಸ ಸ್ಪ್ರಿಂಗ್ ಕೂರಿಸುವಾಗ ನಡುವಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನಲ್ಲಿ ಸರಿಯಾಗಿ ಇಳಿದಿರಬೇಕು. ಅದು ಪಕ್ಕಕ್ಕೆ ಕೂತರೆ ಆಕ್ಸಲ್ ಓರೆಯಾಗುತ್ತದೆ. ಯು-ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿದಾಗ ಅದು ಹಿಗ್ಗಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ, ಕೊನೆಗೆ ಗಾಡಿಯ ಕೈಪಿಡಿ ಹೇಳುವ ಟಾರ್ಕಿಗೆ ತನ್ನಿ.

ರಬ್ಬರ್ ಬುಷ್ ಇರುವ ಸ್ಪ್ರಿಂಗ್ ಕಣ್ಣಿನ ಮತ್ತು ಶ್ಯಾಕಲ್ಲಿನ ಬೋಲ್ಟುಗಳನ್ನು ಈಗಲೇ ಬಿಗಿಯಬೇಡಿ. ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ಎರಡು ಮೂರು ಬಾರಿ ಅದುಮಿ ಬಿಟ್ಟು, ಪೂರ್ತಿ ತೂಕ ಸ್ಪ್ರಿಂಗಿನ ಮೇಲೆ ಬಂದ ಮೇಲೆ ಬಿಗಿಯಿರಿ. ಜೋತಾಡುವಾಗಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನಿಲ್ಲುತ್ತದೆ. ಸವಾರಿ ಗಡಸಾಗುತ್ತದೆ, ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಈಗ ಸರಪಳಿಯ ಉಳಿದ ಕೊಂಡಿಗಳು. ಆಕ್ಸಲ್ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಇನ್ನೂ ಸಡಿಲವಾಗಿರಬೇಕು, ಇಲ್ಲದಿದ್ದರೆ ಉದ್ದದ್ದು ಹಾಕಿ. ಪ್ರೊಪೆಲ್ಲರ್ ಶಾಫ್ಟಿನ ಜಾರು ಜಾಯಿಂಟ್ ಎಷ್ಟು ಹೊರಗೆ ಬಂದಿದೆ ನೋಡಿ, ಒಳಗೆ ಸಾಕಷ್ಟು ಹಲ್ಲು ಉಳಿದಿರಬೇಕು. ಎರಡು ತುದಿಯಲ್ಲೂ ಒಂದೊಂದೇ ಕ್ರಾಸ್ (ಮಡಚುವ ಜಾಯಿಂಟ್) ಇರುವ ಶಾಫ್ಟಿಗೆ, ಟ್ರಾನ್ಸ್‌ಫರ್ ಕೇಸಿನ ಫ್ಲಾಂಜ್ ಮತ್ತು ಡಿಫರೆನ್ಷಿಯಲ್ ಫ್ಲಾಂಜ್ ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ವೇಗದಲ್ಲಿ ನಡುಕ ಬರುತ್ತದೆ. ಆಕ್ಸಲ್ ಮೇಲೇರುವುದಕ್ಕೆ ಮಿತಿ ಹಾಕುವ ಬಂಪ್ ಸ್ಟಾಪ್ ಟೈರನ್ನು ಮಡ್‌ಗಾರ್ಡಿಗೆ ತಾಗದಂತೆ, ಶಾಕ್ ಅಬ್ಸಾರ್ಬರ್ ತಳ ಮುಟ್ಟದಂತೆ ತಡೆಯಬೇಕು. ಒಂದು ಮುಂದಿನ ಚಕ್ರವನ್ನು ಜಾಕಿನಿಂದ ಮೇಲಕ್ಕೆ ಒತ್ತಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದರೆ ಇದರಲ್ಲಿ ಬಹುಪಾಲು ಮನೆಯಲ್ಲೇ ತಿಳಿಯುತ್ತದೆ. ಕೊನೆಗೆ ಹೆಡ್‌ಲೈಟ್ ಬಗ್ಗಿಸಿ, ಗಾಡಿ ಏರಿದಾಗ ಬೆಳಕೂ ಏರಿರುತ್ತದೆ.

ಆರನೇ ಹಂತ: ಹೊಟ್ಟೆಗೆ ರಕ್ಷಣೆ

ಎಂಜಿನ್ ಸಂಪ್ (ಕೆಳಗಿನ ಎಣ್ಣೆ ಬಟ್ಟಲು), ಟ್ರಾನ್ಸ್‌ಫರ್ ಕೇಸ್, ಇಂಧನ ಟ್ಯಾಂಕ್ ಇವಕ್ಕೆ 4ರಿಂದ 5 ಮಿಲಿಮೀಟರ್ ಉಕ್ಕಿನ ತಗಡು ಸಾಕು. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ನೋಡಿ. ಎಣ್ಣೆ ಇಳಿಸುವ ಪ್ಲಗ್ಗಿಗೆ ಮತ್ತು ಮಣ್ಣು ನೀರು ಹೊರಹೋಗಲು ತೂತು ಬಿಡಿ. ಕೆಸರು ತುಂಬಿ ಒಣಗಿದ ತಗಡು ಶಾಖ ಹಿಡಿದಿಡುತ್ತದೆ. ಬಾಗಿಲ ಕೆಳಗಿನ ಅಂಚನ್ನು ಕಲ್ಲಿನಿಂದ ಕಾಯುವ ಪಕ್ಕದ ಸ್ಲೈಡರ್ ಚಾಸಿಗೇ ಕೂರಬೇಕು. ಗಾಡಿಯ ಮೈತಗಡಿಗೆ ಕೂರಿಸಿದರೆ ಮೊದಲ ಕಲ್ಲಿಗೇ ಬಾಗಿಲು ಮುಚ್ಚದಂತಾಗುತ್ತದೆ.

ವೆಲ್ಡಿಂಗ್ ಬಲ್ಲವರು ಮಾತ್ರ ವೆಲ್ಡ್ ಮಾಡಿ. ಬ್ಯಾಟರಿ ಕಳಚಿ. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿ, ಕರೆಂಟು ಬೇರಿಂಗ್ ಮೂಲಕ ಹರಿಯಬಾರದು. ಬ್ರೇಕ್ ಕ್ಲೀನರಿನಿಂದ ಒರೆಸಿದ ಕಬ್ಬಿಣಕ್ಕೆ ವೆಲ್ಡ್ ಮಾಡಬೇಡಿ, ಕ್ಲೋರಿನ್ ಇರುವ ದ್ರಾವಣ ಆ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಸತು ಲೇಪಿತ ಕಬ್ಬಿಣದ ಲೇಪ ಉಜ್ಜಿ ತೆಗೆದ ಮೇಲೆಯೇ ಶುರುಮಾಡಿ. ಸ್ಟೇರಿಂಗ್ ಭಾಗಗಳನ್ನು ಮತ್ತು ಎಳೆಯುವ ಕೊಕ್ಕೆಗಳನ್ನು ಮನೆಯಲ್ಲಿ ವೆಲ್ಡ್ ಮಾಡಲೇಬೇಡಿ.

ಲಾಕರ್ ಮತ್ತು ಗೇರು

ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ನೆಲದ ಚಕ್ರಕ್ಕೂ ಏನೂ ಸಿಗುವುದಿಲ್ಲ. ಲಾಕರ್ ಎರಡನ್ನೂ ಒಟ್ಟಿಗೆ ಕಟ್ಟುತ್ತದೆ. ಒಂದೇ ಹಾಕುವುದಾದರೆ ಹಿಂದಿನ ಆಕ್ಸಲ್‌ಗೆ ಹಾಕಿ, ಮುಂದೆ ಲಾಕ್ ಆದರೆ ಸ್ಟೇರಿಂಗ್ ತಿರುಗಲು ಒಪ್ಪುವುದಿಲ್ಲ. ಡಿಫರೆನ್ಷಿಯಲ್ ಒಳಗಿನ ಎರಡು ಮುಖ್ಯ ಗೇರುಗಳಾದ ಕ್ರೌನ್ ಮತ್ತು ಪಿನಿಯನ್ ನಡುವಿನ ಅಂತರ ಮತ್ತೆ ಹೊಂದಿಸಬೇಕಾದ ಲಾಕರನ್ನು ಅನುಭವಿ ಮೆಕ್ಯಾನಿಕ್ ಕೈಗೆ ಕೊಡಿ. ಡಯಲ್ ಗೇಜ್ ಇಲ್ಲದೆ ಅದು ಅಂದಾಜಿನ ಕೆಲಸವಾಗುತ್ತದೆ.

ಗಾಡಿ ಎಷ್ಟು ನಿಧಾನ ತೆವಳಬಲ್ಲದು ಎಂಬುದಕ್ಕೆ ಲೆಕ್ಕವಿದೆ. ಮೊದಲ ಗೇರಿನ ಅನುಪಾತ, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ, ಡಿಫರೆನ್ಷಿಯಲ್ ಅನುಪಾತ ಮೂರನ್ನೂ ಗುಣಿಸಿ. ಉದಾಹರಣೆಗೆ 4, 2.5, 4.1 ಇದ್ದರೆ 41. ಎಂಜಿನ್ 800 ಸುತ್ತಿನಲ್ಲಿದ್ದಾಗ 31 ಇಂಚಿನ ಟೈರಿನಲ್ಲಿ ಗಾಡಿ ಗಂಟೆಗೆ 3 ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ. ಕಲ್ಲಿನ ಹಾದಿಗೆ ಅದು ಒಳ್ಳೆಯ ವೇಗ.

ಸ್ನಾರ್ಕೆಲ್, ವಿಂಚ್, ವೈರಿಂಗ್

ನೀರು ಅದುಮಿದರೆ ಕುಗ್ಗುವುದಿಲ್ಲ. ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಗಾಳಿಯನ್ನು ಎತ್ತರದಿಂದ ಎಳೆದುಕೊಳ್ಳುವ ಕೊಳವೆ, ಅಂದರೆ ಸ್ನಾರ್ಕೆಲ್, ಅದನ್ನು ತಡೆಯಬೇಕಾದರೆ ಕೊಳವೆಯಿಂದ ಎಂಜಿನ್‌ವರೆಗೆ ಪ್ರತಿ ಜೋಡಣೆಯೂ ಬಿಗಿಯಾಗಿರಬೇಕು. ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು ಸ್ನಾರ್ಕೆಲ್ ಬಾಯಿಗೆ ಒಂದು ಹಲಗೆ ಒತ್ತಿ ಹಿಡಿಯಿರಿ. ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಓಡುತ್ತಲೇ ಇದ್ದರೆ ಎಲ್ಲಿಂದಲೋ ಗಾಳಿ ಬರುತ್ತಿದೆ, ಅಲ್ಲಿಂದಲೇ ನೀರೂ ಬರುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾದರೂ ನಿಲ್ಲುತ್ತದೆ, ಸ್ನಾರ್ಕೆಲ್ ಅದಕ್ಕೆ ಏನೂ ಮಾಡದು.

ವಿಂಚಿನ ಸಾಮರ್ಥ್ಯ ಸಾಮಾನು ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಇರಲಿ. 2,000 ಕಿಲೋ ಗಾಡಿಗೆ 3,000 ಕಿಲೋ. ಡಬ್ಬದ ಮೇಲೆ ಬರೆದ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ. ಹಗ್ಗ ಪದರ ಪದರವಾಗಿ ಸುತ್ತಿದಂತೆ ಎಳೆತ ಇಳಿಯುತ್ತದೆ. ಮುಂದಿನ ಸ್ಪ್ರಿಂಗ್ ಆ ತೂಕ ಹೊರಬೇಕು ಎನ್ನುವುದು ನೆನಪಿರಲಿ.

ದೀಪಗಳಿಗೆ ರಿಲೇ ಮತ್ತು ಫ್ಯೂಸ್ ಕಡ್ಡಾಯ. 55 ವಾಟಿನ ಎರಡು ದೀಪ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅದಕ್ಕೆ 15 ಆಂಪಿಯರ್ ಫ್ಯೂಸ್, ಅದಕ್ಕಿಂತ ಹೆಚ್ಚು ಹೊರಬಲ್ಲ ವೈರ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಉಜ್ಜಿ ಶಾರ್ಟ್ ಆಗುವುದು ವೈರಿನ ಯಾವ ಕಡೆ ಅಂತ ಮೊದಲೇ ತಿಳಿಯುವುದಿಲ್ಲ.

ಮೊದಲ ಓಟ

ಎಲ್ಲ ಮುಗಿದ ಮೇಲೆ ಮೊದಲು ಖಾಲಿ ರಸ್ತೆಯಲ್ಲಿ ನಿಧಾನ ಓಡಿಸಿ. ಬ್ರೇಕ್ ಹಿಡಿದಾಗ ಪಕ್ಕಕ್ಕೆ ಎಳೆಯುತ್ತದೆಯೇ, ಸ್ಟೇರಿಂಗ್ ತಾನೇ ನೇರವಾಗುತ್ತದೆಯೇ, ಯಾವ ವೇಗದಲ್ಲಿ ನಡುಕ ಬರುತ್ತದೆ ಗಮನಿಸಿ. ಚಕ್ರದ ನಟ್ಟು ಮತ್ತು ಯು-ಬೋಲ್ಟುಗಳನ್ನು ಮೊದಲ ಓಟದ ನಂತರ ಒಮ್ಮೆ, ಮೊದಲ ಕೆಲವು ನೂರು ಕಿಲೋಮೀಟರಿನೊಳಗೆ ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿದು ನೋಡಿ. ಹೊಸ ಪಟ್ಟಿ ಕೂತ ಮೇಲೆ ಯು-ಬೋಲ್ಟ್ ಸಡಿಲವಾಗುವುದು ಸಾಮಾನ್ಯ.

ಮೊದಲ ಆಫ್‌ರೋಡ್ ಪಯಣ ಹತ್ತಿರದ್ದೇ ಇರಲಿ, ಜೊತೆಗೆ ಇನ್ನೊಂದು ಗಾಡಿ ಇರಲಿ. ನೀರು ದಾಟಿದ ಕೂಡಲೇ ಬ್ರೇಕ್ ಹಗುರವಾಗಿ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಿ. ಮನೆಗೆ ಬಂದ ಮೇಲೆ ಕೆಳಗೆ ತೊಳೆದು, ಕ್ರಾಸ್ ಮತ್ತು ಶ್ಯಾಕಲ್ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಯಿರಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಅಲುಗಾಡಿಸುವ ಮೊದಲು, ಡಿಫರೆನ್ಷಿಯಲ್ಲಿನ ಇಳಿಸುವ ಪ್ಲಗ್ಗನ್ನು ಎರಡು ಸುತ್ತು ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಒಳಗೆ ಹೋಗಿದ್ದರೆ ಮೊದಲ ಹನಿಗಳಲ್ಲೇ ಅದು ಬರುತ್ತದೆ.